ಸೆಲ್ಲು ಸತ್ತಿತೆಂದು ಹೇಳಿದವರು ಯಾರು?

ಮಗುವಿನ ಆಟದ ಕಾರು ನಿಂತುಹೋದರೆ ಮನೆಮನೆಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ. ಕಾರನ್ನು ಅಂಗೈಗೆ ಬಡಿಯುತ್ತೇವೆ, ಮುಚ್ಚಳ ತೆಗೆದು ಸೆಲ್ಲುಗಳನ್ನು ಬೆರಳಲ್ಲಿ ಉರುಳಿಸುತ್ತೇವೆ, ಅಲ್ಲಿಯದನ್ನು ಇಲ್ಲಿಗೆ ಇಲ್ಲಿಯದನ್ನು ಅಲ್ಲಿಗೆ ಹಾಕಿ ನೋಡುತ್ತೇವೆ. ಟಾರ್ಚಿನ ದಪ್ಪ ಸೆಲ್ಲುಗಳನ್ನು ಬಿಸಿಲಿಗೆ ಇಡುವ ರೂಢಿಯೂ ನಮ್ಮಲ್ಲಿತ್ತು. ಬಿಸಿಯೇರಿದಾಗ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗಿ ಇನ್ನಷ್ಟು ಹೊತ್ತು ಬೆಳಕು ಸಿಗುತ್ತಿತ್ತು. ಯಾವುದಕ್ಕೂ ಬಗ್ಗದಿದ್ದರೆ ‘ಸೆಲ್ಲು ಸತ್ತಿದೆ’ ಎಂದು ಬುಟ್ಟಿಗೆ ಎಸೆಯುತ್ತೇವೆ. ಮಿತವ್ಯಯ ಬಲ್ಲ ಮನೆಗಳಲ್ಲಿ ಮಾತ್ರ ಆ ಸೆಲ್ಲುಗಳು ಟಿವಿ ರಿಮೋಟಿಗೆ ಹೋಗಿ, ಅಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ.

ಅಂದರೆ ಸಾವಿನ ತೀರ್ಪು ಕೊಟ್ಟದ್ದು ಆಟದ ಕಾರು. ಸೆಲ್ಲಿನೊಳಗೆ ಶಕ್ತಿ ಇನ್ನೂ ಇತ್ತು. ಕಾರಿಗೆ ಬೇಕಾದ ವೋಲ್ಟೇಜಿನಲ್ಲಿ ಅದು ಸಿಗುತ್ತಿರಲಿಲ್ಲ, ಅಷ್ಟೇ. ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಪೈಪನ್ನು ತಳದಿಂದ ಒಂದು ಗೇಣು ಮೇಲೆ ಕೂರಿಸಿದರೆ, ನಲ್ಲಿ ಬತ್ತಿದಾಗಲೂ ಒಂದು ಗೇಣು ನೀರು ಒಳಗೇ ಉಳಿದಿರುತ್ತದೆ. ಕುಗ್ಗಿದ ಸೆಲ್ಲಿನ ವೋಲ್ಟೇಜ್ ಏರಿಸುವ ಸಣ್ಣ ಸರ್ಕ್ಯೂಟು ಆ ಒಂದು ಗೇಣು ನೀರನ್ನು ಎತ್ತಿ ನಲ್ಲಿಗೆ ಕೊಡುತ್ತದೆ. ಆದರೆ ಎತ್ತುವ ಕೂಲಿಯನ್ನೂ ಆ ನೀರಿನಲ್ಲೇ ಕೊಡಬೇಕು. ಹೀಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು. ನಿಜಕ್ಕೂ ಉಳಿದಿರುವುದು ಎಷ್ಟು? ಎತ್ತುವ ಕೂಲಿ ಎಷ್ಟು?

ಈ ಎರಡು ಪ್ರಶ್ನೆಗಳನ್ನು ಕೇಳದೆ ಮಾತಾಡುವವರು ಎರಡು ಗುಂಪಾಗಿದ್ದಾರೆ. ಎಸೆದ ಸೆಲ್ಲುಗಳಲ್ಲಿ ನಿಧಿಯೇ ಹೂತಿದೆ, ಒಂದು ಸಣ್ಣ ಸಾಧನದಿಂದ ಅದನ್ನೆಲ್ಲ ತೆಗೆಯಬಹುದು ಎನ್ನುವವರು ಒಂದು ಕಡೆ. ಇದೆಲ್ಲ ಹವ್ಯಾಸಿ ಹುಡುಗರ ಆಟ, ಪ್ರಯೋಜನ ಶೂನ್ಯ ಎಂದು ಕೈಬಿಡುವವರು ಇನ್ನೊಂದು ಕಡೆ. ಇಬ್ಬರ ಲೆಕ್ಕವೂ ತಪ್ಪು ಎಂಬುದು ನನ್ನ ವಾದ. ಇಂಥ ಸರ್ಕ್ಯೂಟು ಅಂಗಡಿಯಲ್ಲಿ ಮಾರುವ ಪವಾಡವಾಗಿ ಸೋಲುತ್ತದೆ. ಉಪಕರಣದ ಒಳಗೆ ಮೊದಲೇ ಕುಳಿತ ಭಾಗವಾಗಿ ಮತ್ತು ಶಾಲೆಯ ಬೆಂಚಿನ ಮೇಲಿನ ಪಾಠವಾಗಿ ಗೆಲ್ಲುತ್ತದೆ.

ಈ ಸರ್ಕ್ಯೂಟು ಹುಟ್ಟಿದ ಸಂದರ್ಭವನ್ನು ಮೊದಲು ನೋಡೋಣ. ಹಳೆಯ ಟಾರ್ಚಿನ ಬಲ್ಬಿಗೆ ಇಷ್ಟೇ ವೋಲ್ಟೇಜ್ ಬೇಕೆಂಬ ಹಟವಿರಲಿಲ್ಲ. ಸೆಲ್ಲು ಕುಗ್ಗಿದಂತೆ ಅದರ ತಂತಿ ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಇಳಿದು ಕೊನೆಯವರೆಗೂ ಮಿಣುಕುತ್ತಿತ್ತು. 1996ರಲ್ಲಿ ಜಪಾನಿನ ನಿಚಿಯಾ ಕಂಪನಿ ಬಿಳಿ ಎಲ್‌ಇಡಿಯನ್ನು ಮಾರುಕಟ್ಟೆಗೆ ತಂದಾಗ ಸ್ಥಿತಿ ಬದಲಾಯಿತು. ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ಎಲ್‌ಇಡಿ. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಈ ದೀಪ ಚೆನ್ನಾಗಿ ಉರಿಯಲು ಸುಮಾರು 3 ವೋಲ್ಟ್ ಬೇಕು. ಎರಡು ವೋಲ್ಟ್ ಕೊಟ್ಟರೆ ಅದು ಮಂಕಾಗಿಯೂ ಉರಿಯದು. ಹೀಗಾಗಿ 1.5 ವೋಲ್ಟಿನ ಒಂದು ಸೆಲ್ಲು, ಅಂಗಡಿಯಿಂದ ಆಗಷ್ಟೇ ತಂದದ್ದಾದರೂ, ಬಿಳಿ ಎಲ್‌ಇಡಿಯ ಮಟ್ಟಿಗೆ ಹುಟ್ಟಿನಿಂದಲೇ ಸತ್ತದ್ದು.

ಇದಕ್ಕೆ ಒಂದು ಅಗ್ಗದ ಪರಿಹಾರ 1999ರ ನವೆಂಬರಿನಲ್ಲಿ ಬ್ರಿಟನ್ನಿನ ‘ಎವೆರಿಡೇ ಪ್ರಾಕ್ಟಿಕಲ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯಲ್ಲಿ ಬಂತು. ಓದುಗರು ತಮ್ಮ ಸರ್ಕ್ಯೂಟುಗಳನ್ನು ಕಳಿಸುವ ಅಂಕಣದಲ್ಲಿ ಝಡ್. ಕಪಾರ್ನಿಕ್ ಎಂಬವರು ಒಂದೇ ವೋಲ್ಟಿನಲ್ಲಿ ಎಲ್‌ಇಡಿ ಬೆಳಗಿಸುವ ವಿಧಾನ ತೋರಿಸಿದ್ದರು. ಒಂದು ಟ್ರಾನ್ಸಿಸ್ಟರು, ಒಂದು ರೆಸಿಸ್ಟರು, ಎರಡು ತಂತಿಗಳನ್ನು ಸುತ್ತಿದ ಒಂದು ಫೆರೈಟ್ ಉಂಗುರ, ಇಷ್ಟೇ. ಮುಂದೆ ಸ್ಕಾಟ್ಲೆಂಡಿನ ಕ್ಲೈವ್ ಮಿಚೆಲ್ ಇದನ್ನು ಜನಪ್ರಿಯಗೊಳಿಸಿ ‘ಜೂಲ್ ಥೀಫ್’ ಎಂದು ಹೆಸರಿಟ್ಟರು. ಮೂಲ ತತ್ತ್ವ ಇನ್ನೂ ಹಳೆಯದು. ವಾಲ್ವುಗಳ ಕಾಲದಲ್ಲೇ ರಾಡಾರ್ ಮತ್ತು ಟಿವಿಗಳಲ್ಲಿ ‘ಬ್ಲಾಕಿಂಗ್ ಆಸಿಲೇಟರ್’ ಎಂಬ ಹೆಸರಲ್ಲಿ ಅದು ದುಡಿಯುತ್ತಿತ್ತು.

ಮಾಡಿ ನೋಡುವುದು ಸುಲಭ. ಕೆಟ್ಟುಹೋದ ಸಿಎಫ್‌ಎಲ್ ಬಲ್ಬುಗಳು ನಮ್ಮ ಅಟ್ಟಗಳಲ್ಲಿ ಇನ್ನೂ ಬಿದ್ದಿವೆ. ಗಾಜಿನ ಕೊಳವೆಯಲ್ಲಿ ಪಾದರಸವಿರುವುದರಿಂದ ಅದು ಒಡೆಯದಂತೆ ಎಚ್ಚರ ವಹಿಸಿ ಬುಡದ ಪ್ಲಾಸ್ಟಿಕ್ ಬಿಚ್ಚಿದರೆ, ಒಳಗಿನ ಸಣ್ಣ ಬೋರ್ಡಿನಲ್ಲಿ ಕಡಲೆಬೇಳೆಗಿಂತ ತುಸು ದೊಡ್ಡದಾದ ಕಪ್ಪು ಉಂಗುರವೊಂದು ಸಿಗುತ್ತದೆ. ಅದೇ ಫೆರೈಟ್. ಅದರ ಮೇಲಿರುವ ಹಳೆಯ ಸುತ್ತುಗಳನ್ನು ಬಿಚ್ಚಿ, ಎನಾಮಲ್ ಲೇಪದ ಎರಡು ತೆಳು ತಾಮ್ರದ ತಂತಿಗಳನ್ನು ಜೋಡಿಯಾಗಿ ಹಿಡಿದು, ಉಂಗುರದೊಳಗೆ ತೂರಿಸಿ ಎಳೆಯುತ್ತ ಹದಿನೈದಿಪ್ಪತ್ತು ಸುತ್ತು ಹಾಕಬೇಕು. ಉಂಗುರ ಸಣ್ಣದಾದಷ್ಟೂ ಬೆರಳಿಗೆ ಕೆಲಸ ಹೆಚ್ಚು. ನಾಲ್ಕು ತುದಿಗಳನ್ನು ಬ್ಲೇಡಿನಿಂದ ಕೆರೆದು ಲೇಪ ತೆಗೆದ ಮೇಲೆ ಒಂದು ತಂತಿಯ ಆರಂಭವನ್ನೂ ಇನ್ನೊಂದರ ಕೊನೆಯನ್ನೂ ಸೇರಿಸಿ ಸೆಲ್ಲಿನ ಪ್ಲಸ್ಸಿಗೆ ಕೊಡಬೇಕು. ಉಳಿದ ಎರಡು ತುದಿಗಳಲ್ಲಿ ಒಂದು 1 ಕಿಲೋಓಮ್ ರೆಸಿಸ್ಟರಿನ ಮೂಲಕ ಟ್ರಾನ್ಸಿಸ್ಟರಿನ ಬೇಸಿಗೆ, ಇನ್ನೊಂದು ನೇರ ಕಲೆಕ್ಟರಿಗೆ. ಎಮಿಟರು ಸೆಲ್ಲಿನ ಮೈನಸ್ಸಿಗೆ. ಕಲೆಕ್ಟರಿಗೂ ಎಮಿಟರಿಗೂ ನಡುವೆ ಎಲ್‌ಇಡಿ. ಬಿಸಿ 547ರಂಥ ಸಾಮಾನ್ಯ ಟ್ರಾನ್ಸಿಸ್ಟರು ಸಾಕು, ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದೇ ಬಿಡಿಭಾಗಗಳ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ತಂತಿಯ ಆರಂಭ–ಕೊನೆ ಅದಲುಬದಲಾದರೆ ದೀಪ ಹತ್ತುವುದೇ ಇಲ್ಲ, ಏಕೆಂದರೆ ಇಡೀ ಆಟ ನಿಂತಿರುವುದು ಆ ದಿಕ್ಕಿನ ಮೇಲೆ.

ಆಟ ಏನೆಂದರೆ, ಬೇಸಿಗೆ ಸಣ್ಣ ಕರೆಂಟು ಹರಿದು ಟ್ರಾನ್ಸಿಸ್ಟರು ತುಸು ತೆರೆದಾಗ ಕಲೆಕ್ಟರಿನ ಕಡೆಯ ಸುತ್ತಿನಲ್ಲಿ ಕರೆಂಟು ಏರತೊಡಗುತ್ತದೆ. ಏರುವ ಕರೆಂಟಿನಿಂದ ಉಂಗುರದಲ್ಲಿ ಕಾಂತಕ್ಷೇತ್ರ ಬೆಳೆಯುತ್ತದೆ. ಆ ಬೆಳೆಯುವ ಕ್ಷೇತ್ರ ಬೇಸಿನ ಕಡೆಯ ಸುತ್ತಿನಲ್ಲಿ ಸೆಲ್ಲಿನ ಜೊತೆಗೂಡುವ ವೋಲ್ಟೇಜನ್ನು ಹುಟ್ಟಿಸಿ ಟ್ರಾನ್ಸಿಸ್ಟರನ್ನು ಪೂರ್ತಿ ತೆರೆಸುತ್ತದೆ. ಉಂಗುರ ಇನ್ನು ಕಾಂತತ್ವ ಹಿಡಿಯಲಾರೆ ಎಂದಾಗ, ಇಲ್ಲವೇ ಟ್ರಾನ್ಸಿಸ್ಟರು ಇನ್ನು ಕರೆಂಟು ಬಿಡಲಾರೆ ಎಂದಾಗ ಏರಿಕೆ ನಿಲ್ಲುತ್ತದೆ. ಏರಿಕೆ ನಿಂತೊಡನೆ ಬೇಸಿಗೆ ಸಿಗುತ್ತಿದ್ದ ಬೆಂಬಲ ತಪ್ಪಿ ಟ್ರಾನ್ಸಿಸ್ಟರು ಪಟ್ಟನೆ ಮುಚ್ಚಿಕೊಳ್ಳುತ್ತದೆ. ಸುತ್ತಿನಲ್ಲಿ ಹರಿಯುತ್ತಿದ್ದ ಕರೆಂಟು ತಟಕ್ಕನೆ ನಿಲ್ಲಲು ಒಪ್ಪುವುದಿಲ್ಲ; ಕುಸಿಯುವ ಕಾಂತಕ್ಷೇತ್ರ ಅದಕ್ಕೆ ದಾರಿ ಸಿಗುವವರೆಗೂ ವೋಲ್ಟೇಜನ್ನು ಏರಿಸುತ್ತಲೇ ಹೋಗುತ್ತದೆ. ಸುಮಾರು 3 ವೋಲ್ಟಿಗೆ ಎಲ್‌ಇಡಿಯ ಬಾಗಿಲು ತೆರೆದು ಕೂಡಿಟ್ಟ ಶಕ್ತಿ ಬೆಳಕಾಗುತ್ತದೆ. ಮತ್ತೆ ಮೊದಲಿನಿಂದ. ಸೆಕೆಂಡಿಗೆ ಹತ್ತಾರು ಸಾವಿರ ಸಲ ಇದು ನಡೆಯುವುದರಿಂದ ಕಣ್ಣಿಗೆ ದೀಪ ಎಡೆಬಿಡದೆ ಉರಿದಂತೆ ಕಾಣುತ್ತದೆ.

ಪಿಯುಸಿಯ ಪುಸ್ತಕದಲ್ಲಿರುವ ½LI² ಎಂಬ ಸೂತ್ರಕ್ಕೆ ಇಲ್ಲಿ ಜೀವ ಬರುತ್ತದೆ. ಸುತ್ತಿನ ಇಂಡಕ್ಟೆನ್ಸ್ 100 ಮೈಕ್ರೋಹೆನ್ರಿ, ಕರೆಂಟು ಏರುವ ಎತ್ತರ 0.1 ಆಂಪಿಯರ್ ಎಂದಿಟ್ಟುಕೊಳ್ಳಿ. ಒಂದು ಸಲಕ್ಕೆ ಕೂಡಿಡುವ ಶಕ್ತಿ ಅರ್ಧ ಮೈಕ್ರೋಜೂಲ್. ಏನೂ ಅಲ್ಲ ಅನ್ನಿಸುತ್ತದೆ. ಸೆಕೆಂಡಿಗೆ 50,000 ಸಲ ಆದರೆ 25 ಮಿಲಿವಾಟ್. ಒಂದು ಎಲ್‌ಇಡಿಗೆ ಧಾರಾಳ. ವೋಲ್ಟೇಜ್ ಏರಿದೆ ಎಂದರೆ ಶಕ್ತಿ ಹುಟ್ಟಿದೆ ಎಂದಲ್ಲ ಎಂಬುದೂ ಇಲ್ಲೇ ತಿಳಿಯುತ್ತದೆ: ಎಲ್‌ಇಡಿಗೆ 3 ವೋಲ್ಟಿನಲ್ಲಿ ಹೋಗುವ ಪ್ರತಿ ಮಿಲಿಆಂಪಿಯರಿಗೂ 1 ವೋಲ್ಟಿನ ಸೆಲ್ಲು ಮೂರು ಮಿಲಿಆಂಪಿಯರಿಗಿಂತ ಹೆಚ್ಚನ್ನು ತೆರಬೇಕು.

ಇದನ್ನು ಆಟಿಕೆ ಎಂದು ತಳ್ಳಿಹಾಕುವವರು ಸಂಜೆ ಕೈಯಲ್ಲಿ ಹಿಡಿಯುವ ಸೊಳ್ಳೆ ಬ್ಯಾಟನ್ನೊಮ್ಮೆ ಬಿಚ್ಚಿ ನೋಡಬೇಕು (ಗುಂಡಿ ಬಿಟ್ಟು, ಜಾಲರಿಯ ಚಾರ್ಜು ಇಳಿದ ಮೇಲೆ). ಅಲ್ಲಿ ನಾಲ್ಕು ವೋಲ್ಟಿನ ಆಸುಪಾಸಿನ ಒಂದು ಬ್ಯಾಟರಿ, ಒಂದು ಟ್ರಾನ್ಸಿಸ್ಟರು, ತನಗೆ ತಾನೇ ಬೆಂಬಲ ಕೊಟ್ಟುಕೊಳ್ಳುವ ಒಂದು ಪುಟ್ಟ ಟ್ರಾನ್ಸ್‌ಫಾರ್ಮರು ಇರುತ್ತವೆ. ಅದರ ಮುಂದೆ ಡಯೋಡು–ಕೆಪಾಸಿಟರುಗಳ ಸಾಲು. ಆ ಸಾಲು 1932ರಲ್ಲಿ ಕೇಂಬ್ರಿಡ್ಜಿನಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಲಿಥಿಯಂ ಪರಮಾಣುವಿನ ಬೀಜವನ್ನು ಸೀಳಲು ಬಳಸಿದ ವೋಲ್ಟೇಜ್ ಗುಣಕದ ವಂಶದ್ದು. ಆ ಸಾಧನೆಗೆ 1951ರ ನೊಬೆಲ್ ಸಂದಿದೆ. ನಮ್ಮ ಮನೆಯಲ್ಲಿ ಅದು ಜಾಲರಿಗೆ ಸಾವಿರ ವೋಲ್ಟ್ ದಾಟಿಸಿ ಚಟಾರೆಂದು ಸೊಳ್ಳೆ ಸುಡುತ್ತದೆ. ಹಳೆಯ ಅಂಬಾಸಿಡರ್, ಪದ್ಮಿನಿ ಕಾರುಗಳ ಮೆಕ್ಯಾನಿಕ್ಕುಗಳು ಉಪ್ಪುಕಾಗದದಿಂದ ಪಾಯಿಂಟ್ ಉಜ್ಜುತ್ತಿದ್ದುದೂ ಇದೇ ತತ್ತ್ವದ ಸೇವೆಗೆ. ಪಾಯಿಂಟ್ ತೆರೆದ ಗಳಿಗೆಯಲ್ಲಿ ಕಾಯಿಲಿನ ಕರೆಂಟು ಕಡಿದು, 12 ವೋಲ್ಟಿನ ಬ್ಯಾಟರಿಯಿಂದ ಸ್ಪಾರ್ಕ್ ಪ್ಲಗ್ಗಿಗೆ ಹತ್ತು ಸಾವಿರ ವೋಲ್ಟಿಗೂ ಮೀರಿದ ಕಿಡಿ ಸಿಗುತ್ತಿತ್ತು. ತೋಟದಲ್ಲಿ ಚುಚ್ಚುವ ಅಗ್ಗದ ಸೋಲಾರ್ ದೀಪದೊಳಗೂ 1.2 ವೋಲ್ಟಿನ ಒಂದೇ ಸೆಲ್ಲು, ನಾಲ್ಕು ಕಾಲಿನ ಒಂದು ಚಿಪ್ಪು, ಒಂದು ಕಾಯಿಲು ಸೇರಿ ಬಿಳಿ ಎಲ್‌ಇಡಿ ಬೆಳಗಿಸುತ್ತವೆ. ಒಂದು ಸೆಲ್ಲಿನ ಬದಲು ಮೂರು ಹಾಕುವ ಖರ್ಚು ಹೀಗೆ ಉಳಿಯಿತು. ಈ ಕೆಲಸಗಳಲ್ಲೆಲ್ಲ ವೋಲ್ಟೇಜ್ ಏರಿಸುವಿಕೆ ಉಪಕರಣದ ಹೊಟ್ಟೆಯೊಳಗೇ, ವಿನ್ಯಾಸದ ಭಾಗವಾಗಿ ಇದೆ ಎಂಬುದನ್ನು ಗಮನಿಸಿ.

ಈಗ ಲೆಕ್ಕಕ್ಕೆ ಬರೋಣ. ಹೊಸ ಆಲ್ಕಲೈನ್ ಪೆನ್ಸಿಲ್ ಸೆಲ್ಲನ್ನು ನಿಧಾನವಾಗಿ ಬಳಸಿದರೆ ಸುಮಾರು 10,000 ಜೂಲ್ ಶಕ್ತಿ ಸಿಗುತ್ತದೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವ ಅಗ್ಗದ ಜಿಂಕ್–ಕಾರ್ಬನ್ ಸೆಲ್ಲಿನಲ್ಲಿ ಅದರ ಅರ್ಧವೂ ಇರುವುದಿಲ್ಲ. ಹಗುರ ಕೆಲಸಕ್ಕೆ ಬಳಸಿ ಸುಮಾರು 1 ವೋಲ್ಟಿಗೆ ಇಳಿದ ಆಲ್ಕಲೈನ್ ಸೆಲ್ಲಿನಲ್ಲಿ ಹತ್ತನೆಯ ಒಂದು ಪಾಲು, ಅಂದರೆ 1,000 ಜೂಲ್ ಉಳಿದಿದೆ ಎಂದಿಟ್ಟುಕೊಳ್ಳೋಣ. ಎಲ್‌ಇಡಿಗೆ 15 ಮಿಲಿವಾಟ್ ಕೊಟ್ಟರೆ ರಾತ್ರಿ ಬಚ್ಚಲುಮನೆಗೆ ದಾರಿ ಕಾಣುವಷ್ಟು ಬೆಳಕು. ಕೈಯಲ್ಲಿ ಸುತ್ತಿದ ಜೂಲ್ ಥೀಫಿನ ದಕ್ಷತೆ ಅರ್ಧದ ಆಸುಪಾಸು. ಸೆಲ್ಲಿನಿಂದ 30 ಮಿಲಿವಾಟ್ ಎಳೆಯುತ್ತದೆ. ಒಂಬತ್ತು ಗಂಟೆಗೂ ಮಿಕ್ಕಿ ದೀಪ ಉರಿಯುತ್ತದೆ. ಸೆಲ್ಲು ಕುಗ್ಗಿದಂತೆ ಎಳೆತವೂ ಕುಗ್ಗುವುದರಿಂದ, ಮಂಕಾಗುತ್ತ ಮಂಕಾಗುತ್ತ ಅದಕ್ಕಿಂತ ಹೆಚ್ಚು ಹೊತ್ತೇ ಬಾಳುತ್ತದೆ.

ಆ 1,000 ಜೂಲಿಗೆ ಬೆಲೆ ಕಟ್ಟುವುದು ಹೇಗೆ? ಮನೆಯ ಮೀಟರಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ಸಾವಿರ ಜೂಲಿನ ಬೆಲೆ ಒಂದು ಪೈಸೆಯ ಐದನೆಯ ಒಂದು ಭಾಗ. ‘ಇಷ್ಟಕ್ಕೆ ಇಷ್ಟೊಂದು ಸರ್ಕಸ್ಸೇ?’ ಎಂದು ನಗುವವರು ಈ ಅಂಕಿಯನ್ನು ತೋರಿಸುತ್ತಾರೆ. ಆದರೆ ಸೆಲ್ಲಿನ ಶಕ್ತಿಯನ್ನು ನಾವು ಮೀಟರಿನ ದರದಲ್ಲಿ ಕೊಂಡಿಲ್ಲ. ಸೆಲ್ಲಿಗೆ 20 ರೂಪಾಯಿ ಎಂದರೆ ಒಂದು ಯೂನಿಟ್ಟಿಗೆ 360 ಸೆಲ್ಲು, 7,200 ರೂಪಾಯಿ. ಆ ದರದಲ್ಲಿ ಎಸೆದ ಸಾವಿರ ಜೂಲಿನ ಬೆಲೆ 2 ರೂಪಾಯಿ. ಸೆಲ್ಲನ್ನು ತಯಾರಿಸಲು ಅದು ಕೊಡುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಬೇಕೆಂಬುದನ್ನೂ ಸೇರಿಸಿ. ಎರಡು ರೂಪಾಯಿ ದೊಡ್ಡದಲ್ಲ, ಸುಳ್ಳೂ ಅಲ್ಲ. ಪವಾಡ ನಂಬುವವರೂ ನಗುವವರೂ ಇಬ್ಬರೂ ಈ ನಡುವಿನ ಅಂಕಿಗೆ ಬರಬೇಕು.

ಪವಾಡದ ಕಡೆಯವರ ಪ್ರಸಿದ್ಧ ಉದಾಹರಣೆ 2015ರದ್ದು. ಕ್ಯಾಲಿಫೋರ್ನಿಯಾದ ಬ್ಯಾಟರೂ ಎಂಬ ಕಂಪನಿ ‘ಬ್ಯಾಟರೈಸರ್’ ಎಂಬ ತೆಳು ಲೋಹದ ಕವಚವನ್ನು ಪ್ರಕಟಿಸಿತು. ಸೆಲ್ಲಿನ ಮೇಲೆ ಅದನ್ನು ಸಿಕ್ಕಿಸಿದರೆ ಒಳಗಿನ ಪುಟ್ಟ ಸರ್ಕ್ಯೂಟು ವೋಲ್ಟೇಜನ್ನು ಸದಾ 1.5ರಲ್ಲಿ ಹಿಡಿದಿಟ್ಟು ಸೆಲ್ಲಿನ ಆಯುಷ್ಯವನ್ನು ಎಂಟು ಪಟ್ಟು ಹೆಚ್ಚಿಸುತ್ತದೆ ಎಂಬ ಮಾತು ಜಗತ್ತಿನಾದ್ಯಂತ ಸುದ್ದಿಯಾಯಿತು. ಎಸೆಯುವ ಸೆಲ್ಲಿನಲ್ಲಿ ಶೇ. 80ರಷ್ಟು ಶಕ್ತಿ ಉಳಿದಿರುತ್ತದೆ, ಏಕೆಂದರೆ ಉಪಕರಣಗಳು 1.35 ವೋಲ್ಟಿನ ಆಸುಪಾಸಿನಲ್ಲೇ ಕೈಚೆಲ್ಲುತ್ತವೆ ಎಂಬುದು ಅದರ ಹಿಂದಿನ ತರ್ಕ. ಆಸ್ಟ್ರೇಲಿಯದ ಎಂಜಿನಿಯರ್ ಡೇವ್ ಜೋನ್ಸ್ ಮುಂತಾದವರು ಇದನ್ನು ಅಳತೆಗಳೊಂದಿಗೆ ಅಲ್ಲಗಳೆದರು. ಉಪಕರಣಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಹೆಚ್ಚಿನವು 1.1 ವೋಲ್ಟ್ ಅಥವಾ ಅದಕ್ಕಿಂತ ಕೆಳಗಿನವರೆಗೂ ದುಡಿಯುತ್ತಿದ್ದವು. ಆ ಹೊತ್ತಿಗೆ ಆಲ್ಕಲೈನ್ ಸೆಲ್ಲಿನ ಬಹುಪಾಲು ಖಾಲಿಯಾಗಿರುತ್ತದೆ.

ಅಳೆಯುವ ಸಾಧನವಿಲ್ಲದವರೂ ಆ ಮಾತಿನ ಬಿರುಕನ್ನು ಹಿಡಿಯಬಹುದಿತ್ತು. ಮತ್ತೆ ಮತ್ತೆ ಚಾರ್ಜು ಮಾಡುವ ನಿಕಲ್ ಸೆಲ್ಲುಗಳ ಮೇಲೆ 1.2 ವೋಲ್ಟ್ ಎಂದೇ ಬರೆದಿರುತ್ತದೆ. ಕ್ಯಾಮೆರಾ, ಆಟಿಕೆ, ರೇಡಿಯೊ, ಎಲ್ಲದರಲ್ಲೂ ಅವು ಚೆನ್ನಾಗಿಯೇ ನಡೆಯುತ್ತವೆ. ಉಪಕರಣಗಳು 1.35ಕ್ಕೇ ನಿಲ್ಲುವುದು ನಿಜವಾಗಿದ್ದರೆ ಆ ಸೆಲ್ಲುಗಳು ಒಂದು ನಿಮಿಷವೂ ಮಾರಾಟವಾಗುತ್ತಿರಲಿಲ್ಲ. ಇದರ ಮೇಲೆ ಇನ್ನೊಂದು ತೊಡಕು: ವೋಲ್ಟೇಜನ್ನು ಸದಾ 1.5ರಲ್ಲಿ ಹಿಡಿದಿಟ್ಟರೆ, ವೋಲ್ಟೇಜ್ ನೋಡಿಯೇ ಬ್ಯಾಟರಿಯ ಮಟ್ಟ ಹೇಳುವ ಉಪಕರಣ ಕೊನೆಯವರೆಗೂ ‘ಪೂರ್ತಿ ಇದೆ’ ಎಂದು ತೋರಿಸಿ ದಿಢೀರನೆ ಆರಿಹೋಗುತ್ತದೆ. ಕತ್ತಲ ದಾರಿಯಲ್ಲಿ ಟಾರ್ಚು ಹಿಡಿದವನಿಗೆ ಮಂಕಾಗುವ ದೀಪ ಎಚ್ಚರಿಕೆ ಕೊಡುತ್ತದೆ, ದಿಢೀರನೆ ಆರುವ ದೀಪ ಕೊಡುವುದಿಲ್ಲ.

ನಮ್ಮ ಊರುಗಳಲ್ಲೂ ಬ್ಯಾಟರೈಸರಿನ ಸೋದರಸಂಬಂಧಿಗಳಿವೆ. ಪ್ಲಗ್ಗಿಗೆ ಸಿಕ್ಕಿಸಿದರೆ ಕರೆಂಟ್ ಬಿಲ್ ಅರ್ಧವಾಗುತ್ತದೆ ಎಂದು ಮಾರುವ ‘ಪವರ್ ಸೇವರ್’ ಡಬ್ಬಿಗಳೊಳಗೆ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರು, ಒಂದು ಮಿನುಗುವ ದೀಪ. ಮನೆಯ ಬಿಲ್ಲು ಬರುವುದು ನಿಜವಾಗಿ ಬಳಸಿದ ಯೂನಿಟ್ಟಿನ ಮೇಲೆ. ಅದನ್ನು ಕೆಪಾಸಿಟರು ಕಡಿಮೆ ಮಾಡದು. ಬ್ಯಾಟರೈಸರಿನೊಳಗೆ ನಿಜವಾದ ಸರ್ಕ್ಯೂಟಿತ್ತು ಎಂಬಷ್ಟು ವ್ಯತ್ಯಾಸವನ್ನು ಒಪ್ಪೋಣ. ಅರ್ಧ ಸತ್ಯದ ವಿಜ್ಞಾನ ಪೂರ್ತಿ ಸುಳ್ಳಿಗಿಂತ ಹೆಚ್ಚು ಜನರನ್ನು ನಂಬಿಸುತ್ತದೆ ಎಂಬುದನ್ನೂ ಒಪ್ಪೋಣ.

ಹಾಗಾದರೆ ಆಟದ ಕಾರಿನಲ್ಲಿ ಸತ್ತ ಸೆಲ್ಲು ರಿಮೋಟಿನಲ್ಲಿ ಬದುಕುವುದೇಕೆ? ಅದರ ಉತ್ತರ ಸೆಲ್ಲಿನ ಆಂತರಿಕ ರೋಧದಲ್ಲಿದೆ, ಅಂದರೆ ಕರೆಂಟನ್ನು ಒಳಗೇ ತಡೆಯುವ ಗುಣದಲ್ಲಿ. ಹೊಸ ಆಲ್ಕಲೈನ್ ಸೆಲ್ಲಿನಲ್ಲಿ ಅದು ಒಂದು ಓಮಿನ ಸಣ್ಣ ಭಾಗ, ಹಳತಾದಂತೆ ಏರುತ್ತದೆ. ಹಳೆಯ ಸೆಲ್ಲೊಂದು ಏನೂ ಹೊರೆಯಿಲ್ಲದಾಗ 1.2 ವೋಲ್ಟ್ ತೋರುತ್ತದೆ, ಅದರ ರೋಧ 2 ಓಮ್ ಎನ್ನಿ. ಕಾರಿನ ಮೋಟಾರು 0.3 ಆಂಪಿಯರ್ ಎಳೆದರೆ 0.6 ವೋಲ್ಟ್ ಒಳಗೇ ಕಳೆದು ಹೊರಗೆ ಸಿಗುವುದು 0.6 ಮಾತ್ರ. ಅದೇ ಸೆಲ್ಲಿನಿಂದ 0.03 ಆಂಪಿಯರ್ ಎಳೆದರೆ ಕಳೆಯುವುದು 0.06, ಹೊರಗೆ 1.14 ವೋಲ್ಟ್ ಸಿಗುತ್ತದೆ. ಮಲ್ಟಿಮೀಟರಿನಲ್ಲಿ ಸೆಲ್ಲನ್ನು ಸುಮ್ಮನೆ ಮುಟ್ಟಿಸಿ ‘ಇನ್ನೂ ಚೆನ್ನಾಗಿದೆ’ ಎನ್ನುವುದು ಹೀಗಾಗಿ ಮೋಸದ ಅಳತೆ. ಹತ್ತು ಓಮಿನ ರೆಸಿಸ್ಟರೊಂದನ್ನು ಸೆಲ್ಲಿಗೆ ಅಡ್ಡ ಹಿಡಿದು ಅಳೆದರೆ ನಿಜ ಬಯಲಾಗುತ್ತದೆ.

ವೋಲ್ಟೇಜ್ ಏರಿಸುವ ಸರ್ಕ್ಯೂಟುಗಳ ಮಿತಿಯೂ ಇಲ್ಲೇ ಇದೆ. ಹೊರಗೆ ಒಂದೇ ಸಮನಾದ ಶಕ್ತಿ ಕೊಡುವಂತೆ ಕಟ್ಟಿದ ಸರ್ಕ್ಯೂಟು, ಸೆಲ್ಲಿನ ವೋಲ್ಟೇಜ್ ಅರ್ಧಕ್ಕಿಳಿದಾಗ ಎರಡು ಪಟ್ಟು ಕರೆಂಟು ಎಳೆಯಬೇಕು. ಕರೆಂಟು ಎರಡು ಪಟ್ಟಾದರೆ ಸೆಲ್ಲಿನೊಳಗೆ ಬಿಸಿಯಾಗಿ ಪೋಲಾಗುವುದು ನಾಲ್ಕು ಪಟ್ಟು. ಅಂದರೆ ದುರ್ಬಲ ಸೆಲ್ಲಿನಿಂದ ಭಾರದ ಕೆಲಸ ಮಾಡಿಸಹೊರಟರೆ ಉಳಿದದ್ದರಲ್ಲಿ ಹೆಚ್ಚಿನ ಪಾಲು ಸೆಲ್ಲನ್ನೇ ಕಾಯಿಸಲು ಹೋಗುತ್ತದೆ. ಟ್ರಾನ್ಸಿಸ್ಟರು ಪೂರ್ತಿ ತೆರೆದಾಗಲೂ ಅದರಲ್ಲಿ 0.1 ವೋಲ್ಟಿನಷ್ಟಾದರೂ ಕಳೆಯುತ್ತದೆ. 1.5 ವೋಲ್ಟಿನಲ್ಲಿ ಇದು ಲೆಕ್ಕಕ್ಕಿಲ್ಲ, 0.6ರಲ್ಲಿ ಆರನೆಯ ಒಂದು ಪಾಲು. ಸಿಲಿಕಾನ್ ಟ್ರಾನ್ಸಿಸ್ಟರಿನ ಬೇಸು ತೆರೆಯಲು ಸುಮಾರು 0.6 ವೋಲ್ಟ್ ಬೇಕಾದ್ದರಿಂದ ಅದಕ್ಕಿಂತ ಕೆಳಗೆ ಸರ್ಕ್ಯೂಟು ಶುರುವಾಗುವುದೇ ಕಷ್ಟ. ಒಮ್ಮೆ ಶುರುವಾದರೆ ಮಾತ್ರ ಇನ್ನೂ ಕೆಳಕ್ಕೆ ತೆವಳುತ್ತದೆ. ಹಳೆಯ ರೇಡಿಯೊಗಳ ಜರ್ಮೇನಿಯಂ ಟ್ರಾನ್ಸಿಸ್ಟರಿಗೆ 0.2 ವೋಲ್ಟ್ ಸಾಕು, ಅದಕ್ಕೇ ಹವ್ಯಾಸಿಗಳು ಗುಜರಿಯಲ್ಲಿ ಅದನ್ನು ಹುಡುಕುತ್ತಾರೆ. ಇಷ್ಟೆಲ್ಲದರ ತಾತ್ಪರ್ಯ ಒಂದೇ: ಕುಗ್ಗಿದ ಸೆಲ್ಲಿಗೆ ಹಗುರ ಕೆಲಸವೇ ಲೇಸು. ಪುಟ್ಟ ದೀಪ ಉರಿಸಬಹುದು, ಮೊಬೈಲ್ ಚಾರ್ಜು ಮಾಡುವ ಕನಸು ಬೇಡ.

ಇನ್ನೊಂದು ಅಪಾಯವನ್ನು ಉತ್ಸಾಹಿಗಳು ಮರೆಯುತ್ತಾರೆ. ಸೆಲ್ಲನ್ನು ಕೊನೆಯ ಹನಿಯವರೆಗೂ ಹಿಂಡುವುದು ಯಾವಾಗಲೂ ಒಳ್ಳೆಯದಲ್ಲ. ಜಿಂಕ್–ಕಾರ್ಬನ್ ಸೆಲ್ಲಿನ ಸತುವಿನ ಡಬ್ಬಿಯೇ ಅದರ ಋಣ ಧ್ರುವ. ಸೆಲ್ಲು ದುಡಿದಂತೆಲ್ಲ ಆ ಡಬ್ಬಿ ಸವೆದು ತೂತಾಗಿ ಒಳಗಿನ ಅಂಟು ಹೊರಬರುತ್ತದೆ. ಆಲ್ಕಲೈನ್ ಸೆಲ್ಲು ತೀರಾ ಬತ್ತಿದಾಗ ಒಳಗೆ ಹೈಡ್ರೊಜನ್ ಅನಿಲ ಹುಟ್ಟಿ, ಒತ್ತಡಕ್ಕೆ ಸೀಲು ಬಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೋರುತ್ತದೆ. ಟಾರ್ಚಿನ ಸ್ಪ್ರಿಂಗು ಹಸಿರುಗಟ್ಟಿ, ಬಿಳಿ ಹುಡಿ ಕೂತು ಹಾಳಾಗುವುದನ್ನು ನೋಡದವರು ಯಾರು? ಎರಡು ಮೂರು ಸೆಲ್ಲುಗಳನ್ನು ಸಾಲಾಗಿಟ್ಟು ಹಿಂಡಿದರೆ ಎಲ್ಲಕ್ಕಿಂತ ದುರ್ಬಲವಾದದ್ದು ಉಳಿದವುಗಳ ಒತ್ತಡಕ್ಕೆ ತಿರುಗುಮುರುಗಾಗಿ ಬೇಗ ಸೋರುತ್ತದೆ. ಚಾರ್ಜು ಮಾಡುವ ಸೆಲ್ಲುಗಳಿಗಂತೂ ಜೂಲ್ ಥೀಫ್ ಶತ್ರು. ನಿಕಲ್ ಸೆಲ್ಲು 0.9 ವೋಲ್ಟಿಗಿಂತ ಕೆಳಗೆ ಪದೇಪದೇ ಇಳಿದರೆ ಆಯುಷ್ಯ ಕಳೆದುಕೊಳ್ಳುತ್ತದೆ. ಲಿಥಿಯಂ ಸೆಲ್ಲು 2.5 ವೋಲ್ಟಿಗಿಂತ ಕೆಳಗಿಳಿದ ಮೇಲೆ ಅದನ್ನು ಮತ್ತೆ ಚಾರ್ಜು ಮಾಡುವುದೇ ಅಪಾಯ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಅರಿಯದ ಮೂರು ಬಿಡಿಭಾಗಗಳ ಸರ್ಕ್ಯೂಟು ಅಲ್ಲಿಗೆ ಸಲ್ಲದು.

ಇಷ್ಟು ಮಿತಿಗಳನ್ನು ಹೇಳಿದ ಮೇಲೂ ಇದನ್ನು ಏಕೆ ಬಿಡಬಾರದು ಎಂಬ ಪ್ರಶ್ನೆಗೆ ನನ್ನ ಉತ್ತರ ಮೂರು ಹಂತದ್ದು.

ಮೊದಲನೆಯದು ತಯಾರಕರಿಗೆ ಸಂಬಂಧಿಸಿದ್ದು. ಸೆಲ್ಲು ಎಷ್ಟು ಬೇಗ ‘ಸಾಯಬೇಕು’ ಎಂಬುದು ಪ್ರಕೃತಿಯ ನಿಯಮವಾಗಿರದೆ ವಿನ್ಯಾಸಕಾರನ ಆಯ್ಕೆಯಾಗಿದೆ. ಒಳ್ಳೆಯ ಉಪಕರಣ ಸೆಲ್ಲಿಗೆ 0.9 ವೋಲ್ಟ್‌ವರೆಗೆ ದುಡಿದು ಆಮೇಲೆ ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ. ಕಾಸು ಉಳಿಸಲು ಹೋದ ಉಪಕರಣ 1.2ಕ್ಕೇ ನಿಲ್ಲುತ್ತದೆ. ಕೆಲವು ರೂಪಾಯಿಯ ಬೂಸ್ಟ್ ಚಿಪ್ಪೊಂದನ್ನು ಕಾರ್ಖಾನೆಯಲ್ಲೇ ಕೂರಿಸಿದರೆ ಪ್ರತಿ ಸೆಲ್ಲಿನಿಂದಲೂ ಹೆಚ್ಚು ಸಿಗುತ್ತದೆ. ಅದು ಎಲ್ಲಿ ನಿಲ್ಲಬೇಕೆಂಬುದನ್ನೂ ಬಲ್ಲದು. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸಣ್ಣ ಸೆಲ್ಲುಗಳನ್ನೂ ಒಳಗೊಂಡು, ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹಾಕಿವೆ. ಎಸೆದ ಮೇಲೆ ಏನು ಮಾಡಬೇಕೆಂಬ ಈ ವಿಚಾರ ಬೇಕಾದದ್ದೇ. ಜೊತೆಗೆ, ಎಷ್ಟು ಬಳಸಿ ಎಸೆಯುತ್ತೇವೆ ಎಂಬುದನ್ನು ನಿರ್ಧರಿಸುವ ಉಪಕರಣದ ತಯಾರಕನೂ ಲೆಕ್ಕ ಒಪ್ಪಿಸಬೇಕು. ಫ್ರಿಜ್ಜಿನ ಮೇಲೆ ನಕ್ಷತ್ರಗಳನ್ನು ಅಚ್ಚು ಹಾಕುವಂತೆ, ಸೆಲ್ಲಿನಲ್ಲಿ ನಡೆಯುವ ಉಪಕರಣದ ಡಬ್ಬಿಯ ಮೇಲೆ ಅದು ಎಷ್ಟು ವೋಲ್ಟಿಗೆ ನಿಲ್ಲುತ್ತದೆ ಎಂಬ ಒಂದು ಅಂಕಿಯನ್ನು ಮುದ್ರಿಸಿದರೆ ಸಾಕು. ಕೊಳ್ಳುವವನಿಗೆ ಎರಡು ಟಾರ್ಚುಗಳ ನಡುವೆ ಆಯ್ಕೆ ಮಾಡಲು ಅಷ್ಟೇ ಬೇಕು.

ಎರಡನೆಯದು ನಮಗೆ ಸಂಬಂಧಿಸಿದ್ದು. ಯಾವ ಸರ್ಕ್ಯೂಟೂ ಇಲ್ಲದೆ ನಮ್ಮ ಮನೆಗಳಲ್ಲಿ ನಡೆದುಬಂದ ಪದ್ಧತಿ, ಭಾರದ ಕೆಲಸದಿಂದ ಹಗುರ ಕೆಲಸಕ್ಕೆ ಸೆಲ್ಲನ್ನು ಇಳಿಸುವುದು, ಅತ್ಯಂತ ದಕ್ಷ ಉಪಾಯ. ಅದರಲ್ಲಿ ಎತ್ತುವ ಕೂಲಿಯೇ ಇಲ್ಲ. ಆಟಿಕೆಯಿಂದ ರಿಮೋಟಿಗೆ ಹೋಗಲಿ. ಅಲ್ಲೂ ಮುಗಿದ ಮೇಲೆ ಬೇಕಾದರೆ ಜೂಲ್ ಥೀಫಿನ ಪುಟ್ಟ ದೀಪಕ್ಕೆ ಹೋಗಲಿ. ವೋಲ್ಟೇಜ್ ಏರಿಸುವುದು ಈ ಸರಣಿಯ ಕೊನೆಯ ಮೆಟ್ಟಿಲು. ಮೊದಲ ಮೆಟ್ಟಿಲಿನಲ್ಲೇ ಅದನ್ನು ಕೂರಿಸಿದ್ದು ಬ್ಯಾಟರೈಸರ್ ಮಾಡಿದ ತಪ್ಪು. ದಿನವೂ ಸೆಲ್ಲು ತಿನ್ನುವ ಉಪಕರಣವಿದ್ದರೆ ಎರಡೂ ಉಪಾಯಗಳನ್ನು ಬಿಟ್ಟು ಚಾರ್ಜು ಮಾಡುವ ಸೆಲ್ಲು ಕೊಳ್ಳುವುದೇ ಜಾಣತನ. ನೂರಾರು ಸಲ ಚಾರ್ಜು ಆಗುವ ಸೆಲ್ಲಿನ ಮುಂದೆ ಹತ್ತನೆಯ ಒಂದು ಪಾಲನ್ನು ಹಿಂಡುವ ಲೆಕ್ಕ ನಿಲ್ಲುವುದಿಲ್ಲ.

ಮೂರನೆಯದು ಕಲಿಕೆಗೆ ಸಂಬಂಧಿಸಿದ್ದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಫ್ಯಾರಡೆ 1831ರಲ್ಲಿ ಕಂಡುಹಿಡಿದ ಪ್ರೇರಣೆಯ ನಿಯಮವನ್ನು ನಮ್ಮ ಮಕ್ಕಳು ಸೂತ್ರವಾಗಿ ಬಾಯಿಪಾಠ ಮಾಡುತ್ತಾರೆ. ಅದೇ ನಿಯಮ ತಾವು ಕೈಯಾರೆ ಸುತ್ತಿದ ಉಂಗುರದಲ್ಲಿ ಕೆಲಸ ಮಾಡಿ, ಎಸೆಯಬೇಕಿದ್ದ ಸೆಲ್ಲಿನಿಂದ ದೀಪ ಹತ್ತಿದಾಗ ಪಾಠ ಮನಸ್ಸಿಗಿಳಿಯುತ್ತದೆ. ಕೇವಲ ದೀಪ ಹತ್ತಿಸಿ ಚಪ್ಪಾಳೆ ತಟ್ಟಿದರೆ ಅದೂ ಒಂದು ಪವಾಡ ಪ್ರದರ್ಶನವೇ ಆಗಿಬಿಡುತ್ತದೆ. ದೀಪ ಹತ್ತಿದ ಮೇಲೆ ಸೆಲ್ಲಿನ ವೋಲ್ಟೇಜನ್ನೂ ಅದರಿಂದ ಹೊರಡುವ ಕರೆಂಟನ್ನೂ ಗಂಟೆಗೊಮ್ಮೆ ಅಳೆದು, ಗುಣಿಸಿ, ಗ್ರಾಫು ಬರೆದು, ನಿಜಕ್ಕೂ ಎಷ್ಟು ಜೂಲ್ ಹೊರಬಂತೆಂದು ಕೂಡಿಸಬೇಕು. ಎಂಟು ಪಟ್ಟು ಎಂಬ ಜಾಹೀರಾತನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಆ ಗ್ರಾಫು ಬರೆದ ಹುಡುಗಿ ಮುಂದೆ ಪವರ್ ಸೇವರ್ ಡಬ್ಬಿ ಮಾರುವವನಿಗೆ ‘ಅಳೆದು ತೋರಿಸಿ’ ಎನ್ನುತ್ತಾಳೆ.

ಈ ಪಾಠ ಆಟಿಕೆಯಲ್ಲೇ ನಿಲ್ಲುವಂಥದ್ದೂ ಅಲ್ಲ. ಎಲ್‌ಟಿಸಿ 3108 ಎಂಬ ಚಿಪ್ಪು, 1:100 ಅನುಪಾತದ ಪುಟ್ಟ ಟ್ರಾನ್ಸ್‌ಫಾರ್ಮರಿನ ನೆರವಿನಿಂದ ಕೇವಲ 20 ಮಿಲಿವೋಲ್ಟಿನಲ್ಲಿ ಕೆಲಸ ಶುರುಮಾಡುತ್ತದೆ. ಬಿಸಿ ಪೈಪಿಗೂ ಸುತ್ತಲಿನ ಗಾಳಿಗೂ ಇರುವ ತಾಪದ ವ್ಯತ್ಯಾಸದಿಂದ ಹುಟ್ಟುವ ವೋಲ್ಟೇಜ್ ಅಷ್ಟಕ್ಕೆ ಸಾಕಾಗುತ್ತದೆ. ಸೆಲ್ಲೇ ಇಲ್ಲದೆ ಸೆನ್ಸರೊಂದು ಆಗಾಗ ಎದ್ದು ಸಂದೇಶ ಕಳಿಸಬಹುದು. ಅದರ ಒಳಗಿನ ತತ್ತ್ವವೂ ತನಗೆ ತಾನೇ ಬೆಂಬಲ ಕೊಟ್ಟುಕೊಂಡು ಕಂಪಿಸುವ ಟ್ರಾನ್ಸ್‌ಫಾರ್ಮರಿನದೇ. ಸೆಲ್ಲನ್ನು ಕೊನೆಯ ಹನಿಯವರೆಗೆ ಹಿಂಡುವುದಕ್ಕಿಂತ ಸೆಲ್ಲೇ ಬೇಡವಾಗುವಂತೆ ಮಾಡುವ ಈ ದಾರಿಯಲ್ಲಿ ವೋಲ್ಟೇಜ್ ಏರಿಸುವ ವಿದ್ಯೆಗೆ ದೊಡ್ಡ ಭವಿಷ್ಯವಿದೆ.

ಆದ್ದರಿಂದ ಕುಗ್ಗಿದ ಸೆಲ್ಲಿನ ಬಗ್ಗೆ ಯಾರಾದರೂ ದೊಡ್ಡ ಮಾತಾಡಿದರೆ, ಹೊಗಳಿಕೆಯಾಗಲಿ ಕುಹಕವಾಗಲಿ, ಮೂರು ಅಂಕಿಗಳನ್ನು ಕೇಳಬೇಕು: ಹೊರೆ ಹಾಕಿದಾಗ ಸೆಲ್ಲಿನ ವೋಲ್ಟೇಜ್ ಎಷ್ಟು, ಉಪಕರಣ ಎಷ್ಟಕ್ಕೆ ನಿಲ್ಲುತ್ತದೆ, ನಡುವಿನ ಸರ್ಕ್ಯೂಟು ನೂರಕ್ಕೆ ಎಷ್ಟನ್ನು ದಾಟಿಸುತ್ತದೆ. ಈ ಮೂರನ್ನೂ ಅಳೆಯಲು ಬೇಕಾದ ಮಲ್ಟಿಮೀಟರು ಇಂದು ಒಂದು ಊಟದ ಖರ್ಚಿನ ಆಸುಪಾಸಿಗೆ ಸಿಗುತ್ತದೆ. ಉತ್ತರ ಕೊಡಲಾಗದ ತಯಾರಕನ ಮಾಲನ್ನು ಕೊಳ್ಳದಿರುವುದು, ಕೊಟ್ಟವನ ಮಾಲನ್ನು ಅಳೆದು ನೋಡಿ ಕೊಳ್ಳುವುದು, ಇಷ್ಟು ನಮ್ಮ ಕೈಯಲ್ಲೇ ಇದೆ.